ಮೂರನೆಯ ಸಾಕು

ಹೊಳೆನರಸೀಪುರದ ಆ ಶಾಲೆಯ ಪಕ್ಕದ ಹಿಟ್ಟಿನ ಗಿರಣಿ ಆ ಬುಧವಾರ ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ, ಒಂದು ಮಾತು ನಮ್ಮ ಹತ್ತಿರ ಉಳಿದಿರುತ್ತಿತ್ತು.

ಸಂಕ್ರಾಂತಿ ಕಳೆದಿತ್ತು. ಮಧ್ಯಾಹ್ನದ ಊಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ನಾನು ವ್ಯಾನನ್ನು ಹುಣಸೆಮರದ ನೆರಳಿಗೆ ತಂದು, ಗಾಜುಗಳನ್ನು ಏರಿಸಿ, ಎಂಜಿನ್ ಆರಿಸಿ ಕೂತಿದ್ದೆ. ಮೇಡಂ ಮುಂದಿನ ಸೀಟಿಗೆ ಹತ್ತಿ ಬಾಗಿಲು ಎಳೆದುಕೊಂಡರು. ಆ ಬಾಗಿಲು ಒಂದೇ ಏಟಿಗೆ ಕೂರುವುದಿಲ್ಲ, ಎರಡು ಸಲ ಬಡಿಯಬೇಕು. ಬಡಿದರು. ನಾನು ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಅವರು ಗಂಟಲು ಸರಿಮಾಡಿಕೊಳ್ಳುವುದಕ್ಕೂ ಗಿರಣಿ ಹೊರಡುವುದಕ್ಕೂ ಸರಿಹೋಯಿತು. ಗಾಜು ಏರಿಸಿದ್ದರೂ ವ್ಯಾನಿನ ಒಳಗೆಲ್ಲ ಅದೇ ಸದ್ದು.

"ನೋಡಿದ್ರಾ ಮಂಜಣ್ಣ, ನನಗಿಂತ ಮೊದ್ಲು ಗಿರಣಿ ಬಾಯ್ಬುಡ್ತು," ಎಂದು ನಕ್ಕರು.

"ಒಂಚೂರು ಕಾಯಣ ಮೇಡಂ."

"ರಾಗಿ ಮೂಟೆ ಸಾಲು ಕಾಣ್ನಿಲ್ವಾ ನಿಮ್ಗೆ? ಅದು ಸಂಜೆಗಂಟ ನಿಲ್ಲಲ್ಲ. ಬುಡಿ, ಬರೋ ವಾರ ಮಾಡಾಣ."

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಅಷ್ಟೇ ನಡೆದದ್ದು.

ಅಂದು ರೆಕಾರ್ಡ್ ಆಗಬೇಕಾಗಿದ್ದದ್ದು ಒಂದೇ ಮಾತು. ಅದು ಯಾವುದು, ಯಾಕೆ ಬೇಕಾಗಿತ್ತು ಎನ್ನುವುದನ್ನು ಹೇಳಬೇಕಾದರೆ ನಮ್ಮ ವ್ಯಾನಿನ ವಿಷಯ ಹೇಳಬೇಕು. ಸರ್ಕಾರಿ ಶಾಲೆಯ ಮಕ್ಕಳಿಗಾಗಿ ಒಂದು ಸಂಸ್ಥೆಯವರು ಹಳೆಯ ವ್ಯಾನಿನೊಳಗೆ ಬೆಂಚು ಕೂರಿಸಿ ಮಾಡಿದ ಓಡಾಡುವ ಕಾರ್ಯಾಗಾರ ಅದು. ಬೆಸುಗೆ ಹಾಕುವ ಕಡ್ಡಿ, ಪ್ಲಾಸ್ಟಿಕ್ ಎಳೆ ಕರಗಿಸಿ ಗೊಂಬೆ ಬರೆಯುವ ಪ್ರಿಂಟರ್, ತಂತಿ, ಸಣ್ಣ ಮೋಟಾರು, ಲ್ಯಾಪ್‌ಟಾಪು, ಒಂದು ಡ್ರೋನ್. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಕಡೆ ಒಂದೊಂದು ಶಾಲೆಗೆ ವಾರಕ್ಕೊಂದು ದಿನ ಹೋಗುತ್ತಿದ್ದೆವು. ನಾನು ವ್ಯಾನ್ ಓಡಿಸುತ್ತಿದ್ದೆ, ಮೇಡಂ ಪಾಠ ಮಾಡುತ್ತಿದ್ದರು. ಮಕ್ಕಳಿಗೆ ಕಂಪ್ಯೂಟರಿನ ಕೋಡ್ ಬರೆಯುವುದನ್ನು ಕಲಿಸುವುದು ಅವರ ಕೆಲಸ. ಆದರೆ ಅವರ ಪಾಠ ಯಾವಾಗಲೂ ಕಂಪ್ಯೂಟರಿನಿಂದ ದೂರ, ಒಂದು ಗಿಡದ ಬುಡದಲ್ಲೋ ಕೆರೆ ಏರಿಯ ಮೇಲೋ ಶುರುವಾಗುತ್ತಿತ್ತು.

ನಾಲ್ಕು ಶಾಲೆಯಲ್ಲೂ ಮಕ್ಕಳ ಕೈಯಲ್ಲಿ ಒಂದೊಂದು ಸಸಿ ನೆಡಿಸಿದ್ದರು. ಹಾಸನದಲ್ಲಿ ನೆಲ್ಲಿ, ಹೊಳೆನರಸೀಪುರದಲ್ಲಿ ನೇರಳೆ, ಅರಕಲಗೂಡಿನಲ್ಲಿ ಸಂಪಿಗೆ, ಚನ್ನರಾಯಪಟ್ಟಣದಲ್ಲಿ ಹೊಂಗೆ. ಪ್ರತಿ ಸಸಿಯ ಪಕ್ಕದಲ್ಲಿ ಮಕ್ಕಳೇ ಮಾಡಿದ ಒಂದು ಡಬ್ಬಿ. ಅದರಿಂದ ಹೊರಟ ಎರಡು ಕಡ್ಡಿ ಮಣ್ಣಿನೊಳಗೆ ಇಳಿದಿರುತ್ತವೆ. ಮಣ್ಣು ಒಣಗಿದರೆ ಡಬ್ಬಿ ಗಂಟೆಗೊಂದು ಸಲ ಮಾತಾಡುತ್ತದೆ, ಹಸಿಯಾದರೆ ಸುಮ್ಮನಾಗುತ್ತದೆ. ಮಾತಾಡುವುದು ಮೇಡಂ ದನಿಯಲ್ಲಿ.

ಡಬ್ಬಿಗೆ ಕೇಳುವುದು ಗೊತ್ತಿತ್ತು, ನಿಲ್ಲಿಸಿ ಅನ್ನುವುದು ಗೊತ್ತಿರಲಿಲ್ಲ. ಅರಕಲಗೂಡಿನ ಮಕ್ಕಳು ಪ್ರೀತಿ ಹೆಚ್ಚಾಗಿ ಕೊಡಗಟ್ಟಲೆ ನೀರು ಸುರಿದು ಮೊದಲ ಸಂಪಿಗೆ ಸಸಿಯ ಬೇರು ಕೊಳೆಸಿದ್ದರು. ಇನ್ನೊಂದು ನೆಟ್ಟೆವು. "ತಪ್ಪು ಮಕ್ಕಳದ್ದಲ್ಲ ಮಂಜಣ್ಣ, ನನ್ದು. ಸಾಕು ಅನ್ನಾದ್ನ ನಾನು ಕಲ್ಸೇ ಇಲ್ಲ ಅದ್ಕೆ," ಎಂದಿದ್ದರು ಮೇಡಂ. ಆ ಬುಧವಾರ ರೆಕಾರ್ಡ್ ಆಗಬೇಕಾಗಿದ್ದದ್ದು ಅದೇ. ಸಾಕು.

ಅದು ಆಗಲಿಲ್ಲ ಎಂದು ಅವತ್ತು ನಮಗೆ ಏನೂ ಅನ್ನಿಸಲಿಲ್ಲ. ಊಟದ ನಂತರ ಡ್ರೋನ್ ಹಾರಿಸುವ ಪಾಠವಿತ್ತು. ತಿಂಗಳಿಗೊಂದು ಸಲ, ಮಕ್ಕಳೇ ಬರೆದ ಕೋಡಿನಂತೆ, ಡ್ರೋನ್ ಸಸಿಯ ನೆತ್ತಿಯ ಮೇಲೆ ನೆಟ್ಟಗೆ ಏರಿ ಒಂದು ಫೋಟೋ ತೆಗೆದು ಇಳಿಯುತ್ತಿತ್ತು. ಮೇಲಿನಿಂದ ನೋಡಿದರೆ ಅಷ್ಟು ಸಣ್ಣ ಸಸಿ ಕಾಣುವುದಿಲ್ಲ, ನೆಲದ ಮೇಲೆ ಅದರ ನೆರಳು ಕಾಣುತ್ತದೆ. ತಿಂಗಳಿಂದ ತಿಂಗಳಿಗೆ ಆ ನೆರಳು ಎಷ್ಟು ಅಗಲವಾಯಿತು ಎಂದು ಮಕ್ಕಳು ಅಳೆಯಬೇಕು. ಅಂದು ಡ್ರೋನ್ ಏರುತ್ತಿದ್ದಂತೆ ಕೆರೆ ಕಡೆಯಿಂದ ಒಂದು ಹದ್ದು ಬಂದು ಅದರ ಸುತ್ತ ತಿರುಗತೊಡಗಿತು. ಮಕ್ಕಳು ಹೋ ಎಂದರು. ಮೇಡಂ ತಟ್ಟನೆ ಇಳಿಸಿಬಿಟ್ಟರು.

"ಯಾಕ್ ಮೇಡಂ ಇಳಿಸ್ಬುಟ್ರಿ? ಹದ್ದಿಗೆ ಎದುರ್ಕಂಡ್ರಾ?" ಎಂದು ಒಬ್ಬ ಕಾಲೆಳೆದ.

"ಊಂ ಕಣಪ್ಪ, ಎದುರ್ಕಂಡೆ. ಅದು ಅದ್ರ ಮನೆ. ನಾವು ನೆಂಟ್ರು. ಮನೆಯೋರ ಮಖ ನೋಡ್ಕಂಡು ನೆಂಟ್ರು ಎದ್ದೋಗ್ಬೇಕಾ ಬ್ಯಾಡ್ವಾ? ನಿಮ್ಮನೇಗೆ ಬಂದ ನೆಂಟ್ರು ಏಳ್ದೆ ಇದ್ರೆ ನಿಮ್ಮಜ್ಜಿ ಏನಂತಾರೆ?"

"ಪೊರಕೆ ತಗಂಡು ಅವ್ರ ಮುಂದ್ಲೇ ಕಸ ಗುಡುಸ್ತಾರೆ."

"ಈಗ ಹದ್ದು ಗುಡುಸ್ತಾ ಐತೆ ನೋಡು."

ಹದ್ದು ಹೋದ ಮೇಲೆ ಮತ್ತೆ ಹಾರಿಸಿ ಫೋಟೋ ತೆಗೆದರು. ಸಂಜೆ ಹಾಸನದಲ್ಲಿ ಅವರ ಬೀದಿಯ ತಿರುವಿನಲ್ಲಿ ನಿಲ್ಲಿಸಿದೆ. ಇಳಿದು ಬಾಗಿಲನ್ನು ಎರಡು ಸಲ ಬಡಿದು, "ಬತ್ತೀನಿ ಮಂಜಣ್ಣ, ಆ ಪ್ರಿಂಟರ್‌ಗೊಂದು ಬಟ್ಟೆ ಒದ್ಸಿ, ಧೂಳು," ಎಂದು ಹೋದರು. ಗುರುವಾರ ಬೆಳಿಗ್ಗೆ ತಲೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ಅವರ ಯಜಮಾನರು ಫೋನ್ ಮಾಡುವ ಹೊತ್ತಿಗೆ ನಾನು ಅದೇ ತಿರುವಿನಲ್ಲಿ ವ್ಯಾನ್ ನಿಲ್ಲಿಸಿಕೊಂಡು, ಇವತ್ತೇಕೆ ಇಷ್ಟು ತಡ ಎಂದು ಕಾಯುತ್ತಿದ್ದೆ.

ಮೇಡಂ ತೆಳ್ಳಗೆ, ಎತ್ತರವಾಗಿದ್ದರು. ನಡೆಯುವಾಗ ನೆಲ ನೋಡುತ್ತಿದ್ದರು, ನಿಂತಾಗ ಆಕಾಶ ನೋಡುತ್ತಿದ್ದರು. ನಮ್ಮ ಕಡೆಯ ಹೆಂಗಸರ ಹಾಗೆ ಕೈಬಳೆಗೆ ನಾಲ್ಕಾರು ಪಿನ್ನುಗಳನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಬೇರೆಯವರಿಗೆ ಅದು ಸೀರೆಗೆ, ಇವರಿಗೆ ಯಂತ್ರಕ್ಕೆ. ಡಬ್ಬಿಯೊಳಗಿನ ಸರ್ಕ್ಯೂಟ್ ಹಲಗೆ ಮುಷ್ಕರ ಹೂಡಿದರೆ ಅದರ ಮೂಲೆಯಲ್ಲಿ ಸೂಜಿಯ ಮೊನೆ ಹೋಗುವಷ್ಟೇ ತೂತಿನ ಒಳಗೆ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಬೇಕು. ಬಳೆಯಿಂದ ಪಿನ್ನು ಬಿಚ್ಚಿ ಒತ್ತುತ್ತಿದ್ದರು. ಎರಡು ಸಲ ಒತ್ತಿದರೂ ಏಳದಿದ್ದರೆ, "ಏಳಪ್ಪ, ಬೆಳಕರೀತು," ಎನ್ನುತ್ತಿದ್ದರು. ಹುಡುಗಿಯರೂ ಅದನ್ನೇ ಕಲಿತರು. ಬೆಸುಗೆ ಹಾಕುವಾಗ, ಕೋಡ್ ಬರೆಯುವಾಗ, "ಏಳಪ್ಪ, ಬೆಳಕರೀತು" ಎಂದು ನಾಲ್ಕು ಊರಿನ ಮಕ್ಕಳೂ ಗೊಣಗುತ್ತಿದ್ದರು.

ಡ್ರೋನ್ ಬಂದ ಹೊಸತರಲ್ಲಿ ಮಕ್ಕಳು ಅದನ್ನು ಮುಟ್ಟಲು ಸಾಯುತ್ತಿದ್ದರು. ಮೇಡಂ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ಎಲ್ಲರನ್ನೂ ಕೆರೆಯಂಚಿಗೆ ಕರೆದುಕೊಂಡು ಹೋಗಿ, ಜೊಂಡಿನ ಮೇಲೆ ಗಾಳಿಯಲ್ಲಿ ನಿಂತಲ್ಲೇ ನಿಂತಿದ್ದ ಏರೋಪ್ಲೇನ್ ಚಿಟ್ಟೆಯನ್ನು ತೋರಿಸಿದರು. "ಇದು ಎಂಗೆ ನಿಂತೈತೆ ಅಂತ ಯಾರು ಯೋಳ್ತೀರೋ ಅವ್ರಿಗೆ ಮೊದ್ಲು ರಿಮೋಟ್ ಕೊಡ್ತೀನಿ." ಆ ದಿನ ಯಾರಿಗೂ ರಿಮೋಟ್ ಸಿಗಲಿಲ್ಲ. ಮುಂದಿನ ವಾರ ಹೋದರೆ ಅರ್ಧ ಶಾಲೆ ಕೆರೆಯ ಹತ್ತಿರವಿತ್ತು. ಮುಂದಿನ ರೆಕ್ಕೆ ಬೇರೆ, ಹಿಂದಿನ ರೆಕ್ಕೆ ಬೇರೆ ಬಡಿಯುತ್ತದೆ ಎಂದು ಕಂಡುಹಿಡಿದು, ಅದನ್ನು ಕೈಯಾಡಿಸಿ ತೋರಿಸುತ್ತ ಮಕ್ಕಳು ಏರಿಯ ಮೇಲೆ ಕುಣಿಯುತ್ತಿದ್ದರು.

ಮಕ್ಕಳು ತಮಗೆ ತಿಳಿಯದ್ದನ್ನು ಹೇಳಿದರೆ ಅವರಿಗೆ ಹಬ್ಬ. ಅರಕಲಗೂಡಿನ ಶಾಲೆಗೆ ರುದ್ರಪಟ್ಟಣದಿಂದ ಬರುವ ಒಬ್ಬ ಹುಡುಗಿಗೆ ಸಂಗೀತದ ಪಾಠವಿತ್ತು. ಡ್ರೋನ್ ಏರಿದ ಕೂಡಲೇ ಮುಖ ಹುಳ್ಳಗೆ ಮಾಡಿಕೊಂಡು, "ಮೇಡಂ, ಇವತ್ತು ಇದ್ರ ಶ್ರುತಿ ಸರಿಯಿಲ್ಲ," ಎಂದಳು. ಎಲ್ಲರೂ ನಕ್ಕರು. ಮೇಡಂ ನಗದೆ ಇಳಿಸಿ ನೋಡಿದರೆ ಒಂದು ರೆಕ್ಕೆಯ ತುದಿ ಕೂದಲೆಳೆಯಷ್ಟು ಸೀಳಿತ್ತು. ಅಂದಿನಿಂದ ಹಾರಿಸುವ ಮೊದಲು ನೆಲದ ಮೇಲೇ ರೆಕ್ಕೆ ತಿರುಗಿಸಿ, ಆ ಸದ್ದನ್ನು ಎಲ್ಲರೂ ಕಣ್ಣುಮುಚ್ಚಿ ಕೇಳಬೇಕು ಎಂಬ ಕಾನೂನು ಬಂತು.

ವ್ಯಾನಿನಲ್ಲಿ ಹೋಗುವಾಗ ಕಡಲೆಕಾಯಿ ಸುಲಿಯುತ್ತ ಕೂರುತ್ತಿದ್ದರು, ಸಿಪ್ಪೆಯನ್ನು ತಮ್ಮ ಚೀಲಕ್ಕೇ ಹಾಕಿಕೊಳ್ಳುತ್ತಿದ್ದರು. ಹಾಸನದ ಹತ್ತಿರ ಬೂವನಹಳ್ಳಿಯಲ್ಲಿ ಇನ್ನೂ ಕಟ್ಟುತ್ತಿರುವ ವಿಮಾನ ನಿಲ್ದಾಣದ ಮಾತು ಬಂದರೆ, "ದೊಡ್ಡ ವಿಮಾನ ಬರಾದ್ ತಡ ಆಗ್ಲಿ ಬುಡಿ ಮಂಜಣ್ಣ. ಹಾಸನ ಜಿಲ್ಲೇಲಿ ಸದ್ಯಕ್ಕೆ ನಮ್ಮದೇ ವಿಮಾನ ಕಂಪನಿ. ನೀವೇ ಮ್ಯಾನೇಜರು," ಎನ್ನುತ್ತಿದ್ದರು.

ಅವರ ಪಾಠಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಒಂದು. ಅರಕಲಗೂಡಿನಲ್ಲಿ ಮಧ್ಯಾಹ್ನ ಮಕ್ಕಳ ಸಾಲಿನಲ್ಲೇ ಊಟಕ್ಕೆ ಕೂತಿದ್ದರು. ಅಡುಗೆಯ ಅಕ್ಕ ಸಾರು ಬಡಿಸಲು ಬಂದರು. ಮೇಡಂ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು," ಎಂದರು. ಅಕ್ಕ ಇನ್ನೊಂದು ಸೌಟು ಬಿಟ್ಟರು. "ಸಾಕು ಸಾಕು." ಅದರ ಮೇಲೆ ಇನ್ನಷ್ಟು.

"ನೋಡ್ರಪ್ಪಾ, ನಾನು ಸಾಕು ಅಂದ್ರೂ ಅಕ್ಕ ಯಾಕೆ ನಿಲ್ಲಿಸ್ನಿಲ್ಲ?"

ಅಕ್ಕನೇ ಉತ್ತರ ಕೊಟ್ಟರು. "ಮೊದಲ್ನೇ ಸಾಕ್‌ಗೆ ಯಾರಾದ್ರೂ ನಿಲ್ಲುಸ್ತಾರಾ ಮೇಡಂ? ನಮ್ಮವ್ವ ನಂಗೆ ಅಂಗ್ ಕಲ್ಸಿಲ್ಲ."

ಮೇಡಂ ಎಡಗೈ ಎತ್ತಿ ಮಕ್ಕಳಿಗೆ ಬೆರಳು ತೋರಿಸುತ್ತ ಹೇಳಿದರು. "ಮೊದಲ್ನೇ ಸಾಕು ನಾಚ್ಕೆಗೆ. ಎರಡ್ನೇದು ಮರ್ವಾದೆಗೆ. ಮೂರನೇದು ಹೊಟ್ಟೆಗೆ. ಅಕ್ಕನಿಗೆ ಇದು ಗೊತ್ತು. ಪಾಪ, ಕಂಪ್ಯೂಟರ್‌ಗೆ ಗೊತ್ತಿಲ್ಲ. ಎಷ್ಟನೇ ಸಾಕಿಗೆ ನಿಲ್ಲಬೇಕು ಅಂತ ನಾವೇ ಬರೆದು ಕೊಡ್ಬೇಕು. ಬರೀದೆ ಇದ್ರೆ ಪ್ರಳಯ ಆಗೋಗಂಟ ಸಾರು ಬುಡ್ತಾನೇ ಇರ್ತದೆ."

ಅಂದು ಮಕ್ಕಳು ಒಂದು ಸಣ್ಣ ಪಂಪಿಗೆ ಗುಂಡಿ ಜೋಡಿಸಿ, ಮೂರನೆಯ ಸಲ ಒತ್ತಿದಾಗ ಮಾತ್ರ ನೀರು ನಿಲ್ಲುವ ಹಾಗೆ ಕೋಡ್ ಬರೆದರು. ಮೇಡಂ ಅಂದಿನಿಂದ ಯಾರ ಮನೆಯಲ್ಲಿ ಕೂತರೂ ಒಂದೇ ಉಸಿರಿಗೆ, "ಸಾಕ್‌ಸಾಕ್‌ಸಾಕು" ಎಂದು ಮೂರನ್ನೂ ಸೇರಿಸಿ ಹೇಳುತ್ತಿದ್ದರು. ಮೂರನೆಯದು ಕೊಂಚ ಇಳಿದು, ನಗುವಿನೊಳಗೆ ಹೋಗಿ ನಿಲ್ಲುತ್ತಿತ್ತು.

ಡಬ್ಬಿಯ ಮಾತನ್ನು ರೆಕಾರ್ಡ್ ಮಾಡಿದ್ದೂ ವ್ಯಾನಿನಲ್ಲೇ. ಆಗಲೂ ಗಾಜು ಏರಿಸಿ ಬೆವರುತ್ತ ಕೂತಿದ್ದೆವು. ಶುದ್ಧವಾಗಿ, ಬರಹದ ಕನ್ನಡದಲ್ಲಿ ಹೇಳಬಹುದಲ್ಲ ಎಂದು ಯಾರೋ ಮೇಷ್ಟ್ರು ಸಲಹೆ ಕೊಟ್ಟಿದ್ದರು. "ಬಾಯಾರಿದ್ ಗಿಡ ವ್ಯಾಕರಣ ನೋಡ್ಕಂಡ್ ಕೂತಿರ್ತದಾ ಮಂಜಣ್ಣ?" ಎಂದು ಕೇಳಿ, ನನ್ನ ಫೋನಿಗೆ ಹೇಳಿದರು:

"ಬಾಯಾರ್ತಾ ಐತೆ ಕಣ್ರಪ್ಪಾ, ಒಂಚೂರು ನೀರು ಬುಡ್ರೋ."

ಒಂದು ಕ್ಷಣ ಬಿಟ್ಟು ನನ್ನ ಕಡೆ ತಿರುಗಿ, "ಆಯ್ತಾ ಮಂಜಣ್ಣಾ?" ಎಂದರು. ನಾನು ಸದ್ದು ಸೇರಿಕೊಳ್ಳಬಾರದೆಂದು ಬಾಯಿ ಬಿಡದೆ ತಲೆಯಾಡಿಸಿದೆ.

ಆ ಕೊನೆಯ ತುಣುಕನ್ನು ಕತ್ತರಿಸುವುದು ಮರೆತುಹೋಯಿತು. ಮೊದಲ ಸಲ ಡಬ್ಬಿ ಮಾತಾಡಿದಾಗ ಗಿಡವೇ ನನ್ನ ಹೆಸರು ಹಿಡಿದು ಕೇಳಿದಂತಾಗಿ ಮಕ್ಕಳು ಬಿದ್ದು ಬಿದ್ದು ನಕ್ಕರು. ತೆಗೆಯಲು ಬಿಡಲೇ ಇಲ್ಲ. ಆಮೇಲೆ ಅದೇ ರೂಢಿಯಾಯಿತು. ಡಬ್ಬಿ "ಆಯ್ತಾ ಮಂಜಣ್ಣಾ?" ಎಂದರೆ ನೀರು ಹಾಕುವ ಮಕ್ಕಳು ಒಟ್ಟಿಗೆ "ಆಯ್ತು ಮೇಡಂ!" ಎಂದು ಕೂಗಬೇಕು.

ಅವರು ಹೋದ ಮೇಲೆ ವ್ಯಾನು ಕೆಲವು ವಾರ ಶೆಡ್ಡಿನಲ್ಲೇ ನಿಂತಿತು. ಆಮೇಲೆ ಮೈಸೂರಿನಿಂದ ಒಬ್ಬರು ಹೊಸ ಸರ್ ಬಂದರು. ಚಿಕ್ಕ ವಯಸ್ಸು, ಮೃದು ಮಾತು. ಬಾಗಿಲನ್ನು ಎರಡು ಸಲ ಬಡಿಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಒಂದು ಸಲ ಬಡಿದು ಕೂರುತ್ತಿದ್ದರು, ದಾರಿಯುದ್ದಕ್ಕೂ ಬಾಗಿಲು ಕಟಕಟ ಎನ್ನುತ್ತಿತ್ತು. ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮೊದಲು ಹೋದದ್ದು ಅರಕಲಗೂಡಿಗೆ. ಶಾಲೆಯ ಗೇಟಿನ ಹತ್ತಿರ ವ್ಯಾನ್ ನಿಲ್ಲಿಸಿ ಇಳಿದೆ, ಅಷ್ಟೇ. ಗೋಡೆಯಾಚೆಯಿಂದ ಮೇಡಂ ಮಾತಾಡಿದರು. "ಬಾಯಾರ್ತಾ ಐತೆ ಕಣ್ರಪ್ಪಾ." ನನ್ನ ಕೈ ತಾನಾಗಿ ವ್ಯಾನಿನ ಬಾಗಿಲನ್ನು ಹಿಡಿದುಕೊಂಡಿತು. "ಆಯ್ತಾ ಮಂಜಣ್ಣಾ?" ಆ ಡಬ್ಬಿಯನ್ನು ಜೋಡಿಸುವಾಗ ಪಕ್ಕದಲ್ಲಿ ನಿಂತವನು ನಾನು. ಒಳಗೆ ಏನಿದೆ, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಲ್ಲ ಗೊತ್ತು. ಗೊತ್ತಿದ್ದೂ ಆ ಕಡೆಗೆ ತಿರುಗಿ ನೋಡಿದೆ.

ಇದನ್ನು ತೆಗೆಸಬೇಕೋ ಏನೋ ಎಂದು ಅವರ ಯಜಮಾನರನ್ನು ಕೇಳಿದೆ. ಅವರು ಫೋನಿನಲ್ಲಿ, "ಇರ್ಲಿ ಬಿಡಿ ಮಂಜಣ್ಣ. ಅವಳಿಗೆ ಇಷ್ಟ ಇತ್ತು. ನಾನ್ ಮಾತ್ರ ಆ ಕಡೆ ಬರಲ್ಲ," ಎಂದರು.

ಚನ್ನರಾಯಪಟ್ಟಣದ ಸರದಿ ಬರುವ ಹೊತ್ತಿಗೆ ಶಿವರಾತ್ರಿ ಹತ್ತಿರವಾಗಿ ಬಿಸಿಲು ಏರಿತ್ತು. ಹೊಸ ಸರ್ ಹೆಡ್‌ಮಾಸ್ಟರ ಕೋಣೆಗೆ ಹೋದರು. ನಾನು ಹೊಂಗೆಯ ಹತ್ತಿರ ಹೋದೆ. ಮಕ್ಕಳು ಅದರ ಸುತ್ತ ಕೂತಿದ್ದರು. ಎಲೆಗಳು ಜೋತುಬಿದ್ದಿದ್ದವು, ಕೆಲವು ಅಂಚಿನಲ್ಲಿ ಸುಟ್ಟಂತಾಗಿದ್ದವು. ಬುಡದ ಮಣ್ಣು ಬಾಯಿಬಿಟ್ಟಿತ್ತು. ಪಕ್ಕದಲ್ಲೇ ತುಂಬಿದ ಎರಡು ಬಿಂದಿಗೆ ನೀರಿತ್ತು. ನನಗೆ ಅರ್ಥವಾಗಲಿಲ್ಲ.

"ಯಾಕ್ರೋ, ನೀರು ಉಯ್ದಿಲ್ವಾ?"

ಯಾರೂ ಏಳಲಿಲ್ಲ. ಏಳನೇ ಕ್ಲಾಸಿನ ಸಿಂಚನ ತಲೆ ಎತ್ತಿದಳು. ಆ ಶಾಲೆಯ ಡಬ್ಬಿಗೆ ಕೋಡ್ ಬರೆದವಳು ಅವಳೇ. "ಉಯ್ದ್ರೆ ಮೇಡಂ ಸುಮ್ಕಾಗ್ಬುಡ್ತಾರೆ ಮಂಜಣ್ಣ," ಎಂದಳು.

"ಬಿಂದ್ಗೆ ಮುಟ್ಟಕ್ಕೇ ಬುಡ್ತಿಲ್ಲ ಇವ್ಳು. ಮುಟ್ಟಿದ್ರೆ ಕೈ ಪರಚ್ತಾಳೆ," ಎಂದು ಒಬ್ಬ ಹುಡುಗ ದೂರು ಹೇಳಿದ.

"ದಿನಾ ಬಂದು ಕೇಳ್ಕಂಡು ಕುಂತ್ಕೊಳ್ಳೋನು ನೀನು. ಈಗ ಎಲ್ಲಾ ನನ್ ಮ್ಯಾಲೆ ಎತ್ತಾಕ್ತೀಯಾ? ನಿನ್ನೆ ಅತ್ತಿದ್ ಯಾರ್ಲಾ?"

ಹುಡುಗ ಮುಖ ಆ ಕಡೆ ತಿರುಗಿಸಿದ.

ನಾನು ಬಿಂದಿಗೆಗೆ ಕೈಹಾಕಿದೆ. ಸಿಂಚನ ಎದ್ದು ಬಂದು ಅದರ ಬಾಯಿಗೆ ಎರಡೂ ಕೈ ಅಡ್ಡ ಇಟ್ಟಳು. ತಟ್ಟೆಗೆ ಅಡ್ಡ ಇಡುವ ಹಾಗೆ. "ಇನ್ನೊಂದೇ ಒಂದ್ ಸಲ ಕೇಳ್ಬುಟ್ಟು ಉಯ್ಯಣ, ಮಂಜಣ್ಣ."

"ಗಿಡ ಸತ್ತೋಯ್ತದೆ ಕಣವ್ವ. ಸತ್ರೆ ಮೇಡಂ ಯಾರ್ಗೆ ನೀರು ಕೇಳ್ತಾರೆ?"

"ಕೇಳ್ತಾರೆ," ಎಂದಳು. "ಡಬ್ಬಿ ನೋಡಾದು ಮಣ್ಣ. ಗಿಡಾನಲ್ಲ. ಗಿಡ ಸತ್ರೂ ಮೇಡಂ ಮಾತಾಡ್ತಾನೇ ಇರ್ತಾರೆ."

ಅವಳು ಹೇಳಿದ್ದು ಸರಿ. ಹೊಂಗೆ ಒಣಗಿ ಕಡ್ಡಿಯಾಗಿ, ಆ ಒಣ ಕಡ್ಡಿಯ ಬುಡದಲ್ಲಿ ಮೇಡಂ ಗಂಟೆಗೊಂದು ಸಲ ನೀರು ಕೇಳುತ್ತ, ನನ್ನ ಹೆಸರು ಕರೆಯುತ್ತ ಇರುವುದು ನನ್ನ ಕಣ್ಣಿಗೆ ಕಟ್ಟಿತು. ಅವಳನ್ನು ಗದರಿಸಬಹುದಿತ್ತು. ಆದರೆ ಗಂಟೆಯಾಗುತ್ತ ಬಂದಿತ್ತು, ನನ್ನ ಕಿವಿಯೂ ಡಬ್ಬಿಯ ಕಡೆಗೇ ಇತ್ತು.

ಡಬ್ಬಿ ಮಾತಾಡಿತು. ಎಲ್ಲರೂ ಕೇಳಿದೆವು. "ಆಯ್ತಾ ಮಂಜಣ್ಣಾ?" ಎಂದು ಮುಗಿದ ಮೇಲೆ ಮಕ್ಕಳು ನನ್ನ ಮುಖ ನೋಡಿದರು.

ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ. "ಸಿಂಚನಾ, ಅದ್ರೊಳಗೆ ನೀನು ಏನಂತ ಬರ್ದಿದ್ದೀಯವ್ವ?"

"ಮಣ್ಣು ಒಣಗಿದ್ರೆ ಮಾತಾಡು. ಇಲ್ದಿದ್ರೆ ಸುಮ್ಕಿರು." ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದವಳು ಅಲ್ಲೇ ನಿಂತಳು. ಮಣ್ಣನ್ನು ನೋಡಿದಳು, ಬಿಂದಿಗೆ ನೋಡಿದಳು. "ತಿರುಗ್ಸಿ ಬರೀಬೌದು."

"ತಿರುಗ್ಸಿ ಅಂದ್ರೆ?"

"ಮಣ್ಣು ಹಸಿ ಆದ್ರೆ ಮಾತಾಡು. ಒಣಗಿದ್ರೆ ಸುಮ್ಕಿರು. ಆಗ ಮೇಡಂ ದನಿ ಬೇಕಂದ್ರೆ ನೀರು ಉಯ್ಯಲೇಬೇಕು."

"ಲೇ, ಆಮೇಲೆ ನೀನು ದಿನಕ್ ಹತ್ತು ಬಿಂದ್ಗೆ ಉಯ್ದು ಕೊಳೆಸ್ಬುಡ್ತೀಯ. ಅರಕಲಗೂಡ್ನೋರ್ ಥರ," ಎಂದ ಹುಡುಗ.

"ದಿನಕ್ಕೊಂದೇ ಸಲ ಅಂತ ಬರೀತೀನಿ ಕಣ್ಲಾ. ನಂಗೇನ್ ಅಷ್ಟೂ ಗೊತ್ತಾಗಲ್ವಾ?"

ವ್ಯಾನಿನಿಂದ ಲ್ಯಾಪ್‌ಟಾಪ್ ತಂದುಕೊಟ್ಟೆ. ಹೊಸ ಸರ್ ಕೂಡ ಬಂದು ನಿಂತರು, ಒಂದು ಮಾತೂ ಆಡಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಮೊದಲ ಸಲ ಗೌರವ ಬಂತು. ಸಿಂಚನ ಬರೆದು ಕಳಿಸಿದಳು. ಡಬ್ಬಿಯ ದೀಪ ಉರಿಯಲಿಲ್ಲ. ತನ್ನ ವೇಲಿಗೆ ಚುಚ್ಚಿದ್ದ ಪಿನ್ನು ಬಿಚ್ಚಿ, ಮೂಲೆಯ ತೂತಿಗೆ ಮೊನೆಯಿಟ್ಟು ಒತ್ತಿದಳು. ಇನ್ನೊಂದು ಸಲ ಒತ್ತಿದಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ದೀಪ ಹತ್ತಿತು.

ಆಮೇಲೆ ಅವಳೇ ಬಿಂದಿಗೆ ಎತ್ತಿದಳು. ಬಿರುಕುಗಳೊಳಗೆ ನೀರು ಗುಳುಗುಳು ಇಳಿಯಿತು. ಮಣ್ಣು ಕಪ್ಪಾಯಿತು. ನೀರು ಕಡ್ಡಿಗಳನ್ನು ಮುಟ್ಟಿತು.

"ಬಾಯಾರ್ತಾ ಐತೆ ಕಣ್ರಪ್ಪಾ, ಒಂಚೂರು ನೀರು ಬುಡ್ರೋ."

ಕೆಸರಿನಲ್ಲಿ ನಿಂತುಕೊಂಡು ಗಿಡ ನೀರು ಕೇಳುತ್ತಿತ್ತು. ಸಣ್ಣ ಮಕ್ಕಳು ಮೊದಲು ನಕ್ಕರು. "ಕುಡ್ದ್ ಮೇಲೂ ಬಾಯಾರ್ಕೆ ಅಂತಾವ್ರಲ್ಲಾ ಮೇಡಂ!" ಎಂದ ಒಬ್ಬ. ಇನ್ನೊಬ್ಬ ಆಗಲೇ ಎರಡನೆಯ ಬಿಂದಿಗೆಗೆ ಕೈಹಾಕಿದ್ದ. "ಬ್ಯಾಡ ಕಣ್ಲಾ, ಕೊಳ್ತೋಯ್ತದೆ!" ಎಂದು ಸಿಂಚನ ಕಿರುಚಿದಳು. ಕಿರುಚಿ ಅಳಲು ಶುರುಮಾಡಿದಳು. ಅಷ್ಟು ದಿನ ಅತ್ತಿರಲಿಲ್ಲವಂತೆ.

ಉಳಿದ ಮೂರು ಊರುಗಳಲ್ಲೂ ಮಕ್ಕಳು ಅದೇ ದಾರಿ ಹಿಡಿಯುತ್ತಿದ್ದದ್ದು ಆಮೇಲೆ ತಿಳಿಯಿತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೊಳೆನರಸೀಪುರದವರು ನೇರಳೆಗೆ ಒಂದು ದಿನ ಬಿಟ್ಟು ಒಂದು ದಿನ ನೀರು ಎಂದು ಮಾಡಿಕೊಂಡಿದ್ದರು. ಹಾಸನದ ಮಕ್ಕಳು ಇನ್ನೂ ಜಾಣರು, ಕಡ್ಡಿಗಳನ್ನು ಕಿತ್ತು ಒಣ ಮಣ್ಣಿನಲ್ಲಿ ನೆಟ್ಟು ನೆಲ್ಲಿಗೆ ಬೇರೆಯಾಗಿ ನೀರು ಹಾಕುತ್ತಿದ್ದರು. ಎಲ್ಲ ಡಬ್ಬಿಗೂ ಸಿಂಚನಳ ಕೋಡನ್ನೇ ಹಾಕಿದೆವು. ಈಗ ನಾಲ್ಕು ಕಡೆಯೂ ಗಿಡಗಳು ನೀರು ಕುಡಿದ ಮೇಲೆ ಬಾಯಾರಿಕೆ ಎನ್ನುತ್ತವೆ.

ಹೊಸ ಸರ್‌ ಮನಸ್ಸಿಗೆ ಇದು ತಾಗಿತು. ಎರಡು ವಾರದ ಮೇಲೆ ಚನ್ನರಾಯಪಟ್ಟಣದಲ್ಲಿ ವ್ಯಾನಿನೊಳಗೆ ನನ್ನನ್ನೂ ಸಿಂಚನಳನ್ನೂ ಕೂರಿಸಿಕೊಂಡು, "ಒಂದು ಕೇಳಿಸ್ತೀನಿ. ಬೇಡ ಅಂದ್ರೆ ಬೇಡ," ಎಂದರು. ಡಬ್ಬಿಯಲ್ಲಿದ್ದ ದನಿಯನ್ನು ಕಂಪ್ಯೂಟರಿಗೆ ಕೇಳಿಸಿ, ಅದೇ ದನಿಯಲ್ಲಿ ಹೊಸ ಮಾತು ಆಡಿಸಿದ್ದರು. ಫೋನ್ ಒತ್ತಿದರು.

"ಸಾಕು," ಎಂದರು ಮೇಡಂ.

ಮೇಡಂ ದನಿಯೇ. ನನ್ನ ಕಣ್ಣು ಮುಂದಿನ ಸೀಟಿಗೆ ಹೋಯಿತು. ಸರ್ ಇನ್ನೊಂದು ಸಲ ಒತ್ತಿದರು. ಹಾರಿಸುವ ಮೊದಲು ಡ್ರೋನಿನ ಸದ್ದು ಕೇಳುವ ಹಾಗೆ ಸಿಂಚನ ಕಣ್ಣುಮುಚ್ಚಿಕೊಂಡು ಕೇಳಿದಳು.

"ಇದು ಮೇಡಂ ಅಲ್ಲ ಸಾ," ಎಂದಳು.

"ದನಿ ಸರಿ ಬಂದಿಲ್ವಾ?"

"ದನಿ ಅವ್ರುದೇ. ಆದ್ರೆ ಮೇಡಂ ಒಂದೇ ಸಲ ಸಾಕು ಅನ್ನಲ್ಲ."

"ಅಷ್ಟೇನಾ? ಮೂರು ಸಲ ಹೇಳ್ಸೋಣ ಬಿಡು." ಅಲ್ಲೇ ಕೂತು ಏನೋ ಮಾಡಿ ಮತ್ತೆ ಒತ್ತಿದರು. "ಸಾಕು. ಸಾಕು. ಸಾಕು." ಮೂರೂ ಒಂದೇ ಅಳತೆಯವು. ನಾಚಿಕೆಯದು ಯಾವುದು, ಮರ್ಯಾದೆಯದು ಯಾವುದು, ಹೊಟ್ಟೆಯದು ಯಾವುದು ಎಂದು ಗೊತ್ತಾಗುವಂತಿರಲಿಲ್ಲ. ಸಿಂಚನ ತಲೆಯಾಡಿಸಿದಳು. ಸರ್ ನನ್ನನ್ನು ನೋಡಿದರು. ನಾನೂ ತಲೆಯಾಡಿಸಿದೆ. ಅವರು ಬೇಜಾರು ಮಾಡಿಕೊಳ್ಳದೆ ನಮ್ಮೆದುರೇ ಅದನ್ನು ಅಳಿಸಿದರು.

ಮನೆಗೆ ಬಂದು ನನ್ನ ಫೋನಿನಲ್ಲಿ ಅವರ ಸಾಕು ಎಲ್ಲಾದರೂ ಇದೆಯೋ ಎಂದು ಹುಡುಕಿದೆ. ಪಾಠದ ವಿಡಿಯೋಗಳು ಎಷ್ಟೋ ಇದ್ದವು. ಎಲ್ಲದರಲ್ಲೂ ಅವರು ಹೆಚ್ಚಾಗಿ ಚಿತ್ರದ ಆಚೆಗಿರುತ್ತಾರೆ, ದನಿ ಮಾತ್ರ ಇರುತ್ತದೆ. "ಅಗೋ ನೋಡ್ರೋ." "ಮೇಲ್ ನೋಡು, ಮೇಲೆ." "ಮೊದ್ಲು ನೋಡು, ಆಮೇಲೆ ಯೋಳು." ಊಟಕ್ಕೆ ಕೂತಾಗ ಯಾರು ವಿಡಿಯೋ ಮಾಡುತ್ತಾರೆ?

ಡ್ರೋನ್ ತೆಗೆದ ಫೋಟೋಗಳು ಲ್ಯಾಪ್‌ಟಾಪಿನಲ್ಲಿ ತಿಂಗಳ ಸಾಲಾಗಿ ಇವೆ. ಹಳೆಯವುಗಳಲ್ಲಿ ಹೊಂಗೆಯ ನೆರಳಿನ ಪಕ್ಕದಲ್ಲಿ ಇನ್ನೊಂದು ನೆರಳು ಇರುತ್ತಿತ್ತು, ಎತ್ತರದ್ದು, ತೆಳ್ಳಗಿನದ್ದು. ಡ್ರೋನ್ ಏರುವಾಗ ಮೇಡಂ ಅಲ್ಲಿಯೇ ನಿಂತು ತಲೆಯೆತ್ತಿ ನೋಡುತ್ತಿದ್ದರು. ಅಳೆಯುವಾಗ ಮಕ್ಕಳು ತಪ್ಪಿ ಅವರ ನೆರಳನ್ನೂ ಸೇರಿಸಿ ಅಳೆದು, "ನನ್ನೂ ಮರ ಮಾಡ್ಬುಟ್ರಲ್ರೋ," ಎಂದು ಬೈಸಿಕೊಂಡದ್ದುಂಟು. ಶಿವರಾತ್ರಿಯ ಫೋಟೋದಲ್ಲಿ ಹೊಂಗೆಯ ನೆರಳು ಅದರ ಹಿಂದಿನದಕ್ಕಿಂತ ಚಿಕ್ಕದಾಗಿದೆ. ಅದರ ಮುಂದಿನದ್ದರಲ್ಲಿ ಸ್ವಲ್ಪ ಅಗಲವಾಗಿದೆ. ಒಂದು ಪಕ್ಕದ ಕೊಂಬೆ ಉಳಿಯಲಿಲ್ಲ, ಉಳಿದದ್ದು ಚಿಗುರಿದೆ.

ಈಗಲೂ ವಾರಕ್ಕೊಂದು ದಿನ ಅಲ್ಲಿಗೆ ಹೋಗುತ್ತೇನೆ. ಹೊಸ ಸರ್‌ಗೆ ಬಾಗಿಲಿನ ವಿಷಯ ಹೇಳಿದ್ದೇನೆ, ಎರಡು ಸಲ ಬಡಿಯುತ್ತಾರೆ. ಸಿಂಚನ ನೀರು ಹಾಕುತ್ತಾಳೆ, ಮೇಡಂ ನೀರು ಕೇಳುತ್ತಾರೆ. "ಆಯ್ತಾ ಮಂಜಣ್ಣಾ?" ಎನ್ನುತ್ತಾರೆ. ಮಕ್ಕಳು "ಆಯ್ತು ಮೇಡಂ" ಎನ್ನುತ್ತಾರೆ. ನಾನು ರೆಕಾರ್ಡಿನ ದಿನ ಮಾಡಿದ ಹಾಗೆ ಬಾಯಿ ಬಿಡದೆ ತಲೆಯಾಡಿಸುತ್ತೇನೆ.

ನಾಲ್ಕು ಊರಿನಲ್ಲಿ ಅವರು ನೀರು ಕೇಳುವ ಮಾತಿದೆ. ಸಾಕು ಅನ್ನುವ ಮಾತು ಇಲ್ಲ.